ಮಿದುಳಿನ ಸೇತುವೆ ಮತ್ತು ನಮ್ಮ ಚಿಕ್ಕಮ್ಮ

ಕಳೆದ ವರ್ಷ ನಮ್ಮ ಮಹಿಳಾ ವಿಭಾಗ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಕಾರ್ಯಕ್ರಮ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಾನಸಿಕ ಆರೋಗ್ಯದ ಬಗ್ಗೆ ಮಾತನಾಡಲು ಬಂದಿದ್ದ ಡಾಕ್ಟರು ಕೊನೆಗೆ "ಪ್ರಶ್ನೆಗಳಿದ್ದರೆ ಕೇಳಿ" ಎಂದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಡಾಕ್ಟ್ರೇ, ಸ್ಕಿಜೋಫ್ರೀನಿಯಾ ಅಂದ್ರೆ ಆಪ್ತಮಿತ್ರ ಸಿನಿಮಾದ ನಾಗವಲ್ಲಿ ಹಾಗೆ ತಾನೇ? ಒಂದೇ ದೇಹದಲ್ಲಿ ಇಬ್ಬರು ಇರೋದು?" ಎಂದು ಕೇಳಿದರು. ಸಭೆಯಲ್ಲಿ ಸಣ್ಣ ನಗು ಹರಡಿತು. "ಅಲ್ಲ ಅಲ್ಲ, ಅದು ಬೇರೆ, ಇದು ಬೇರೆ" ಎಂದು ಡಾಕ್ಟರು ಎರಡು ವಾಕ್ಯದಲ್ಲಿ ಉತ್ತರಿಸುವಷ್ಟರಲ್ಲಿ ಉಪ್ಪಿಟ್ಟು, ಚಹಾ ಬಂತು. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಮೂವತ್ತು ವರ್ಷ ಮುಂಬಯಿಯ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವಳು ಅಂದು ಬಾಯಿ ಬಿಡಲಿಲ್ಲ. ಆ ಪ್ರಶ್ನೆ ಕೇಳಿದವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಹೆಚ್ಚುಕಡಿಮೆ ಅದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೆ, ಅದೂ ನಮ್ಮ ಮನೆಯಲ್ಲೇ. ಈ ಬಾರಿಯ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದಾಗ ಬೇರೆ ವಿಷಯ ಹೊಳೆಯಲೇ ಇಲ್ಲ.

ಚಿಕ್ಕಮ್ಮ ನನ್ನ ತಾಯಿಯ ಕೊನೆಯ ತಂಗಿ. ನನಗಿಂತ ಮೂರೇ ವರ್ಷ ದೊಡ್ಡವಳು. ತೀರ್ಥಹಳ್ಳಿ ಕಡೆಯ ಅಜ್ಜಿಮನೆಯಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು. 1979ರಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಅವಳು ಊಟ ಬಿಟ್ಟಳು, ಕಾಲೇಜು ಬಿಟ್ಟಳು. ರೇಡಿಯೋ ಬಂದ್ ಮಾಡಿದ ಮೇಲೂ ಅದರೊಳಗೆ ಇಬ್ಬರು ಗಂಡಸರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನತೊಡಗಿದಳು. ತಾಯಿತ, ನಿಂಬೆಹಣ್ಣು ಎಲ್ಲ ಮುಗಿದ ಮೇಲೆ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಮಾತ್ರೆ ಕೊಟ್ಟರು, ಅದರಿಂದ ಗುಣವೂ ಕಂಡಿತು. ಆದರೆ ಹೊರಡುವಾಗ ಅಜ್ಜಿಗೆ ಒಂದು ಮಾತು ಹೇಳಿದರು: "ಮಗಳನ್ನು ತುಂಬಾ ಬಿಗಿಯಾಗಿ ಬೆಳೆಸಿದ್ದೀರಿ, ಅದಕ್ಕೇ ಹೀಗಾಗಿದೆ." ಅಜ್ಜಿ 1991ರಲ್ಲಿ ತೀರಿಕೊಂಡಳು. ಆ ಮಾತನ್ನು ಕೊನೆಯವರೆಗೂ ಸೆರಗಿನಲ್ಲಿ ಕಟ್ಟಿಕೊಂಡೇ ಇದ್ದಳು.

ಮೊದಲು ಹೆಸರಿನ ವಿಚಾರ. 'ಸ್ಕಿಜೋಫ್ರೀನಿಯಾ' ಎಂಬ ಪದವನ್ನು 1908ರಲ್ಲಿ ಬರ್ಲಿನ್‌ನ ಒಂದು ಸಭೆಯಲ್ಲಿ ಮೊದಲು ಬಳಸಿದವರು ಯೂಜೀನ್ ಬ್ಲಾಯ್ಲರ್, ಸ್ವಿಟ್ಜರ್ಲೆಂಡಿನ ಝೂರಿಕ್‌ನ ಬುರ್ಗ್‌ಹೋಲ್ಝ್ಲಿ ಆಸ್ಪತ್ರೆಯ ಮುಖ್ಯಸ್ಥರು. ಗ್ರೀಕ್ ಭಾಷೆಯಲ್ಲಿ 'ಸ್ಕಿಜೀನ್' ಎಂದರೆ ಸೀಳುವುದು, 'ಫ್ರೆನ್' ಎಂದರೆ ಮನಸ್ಸು. ಅದಕ್ಕೆ ಮುಂಚೆ ಜರ್ಮನಿಯ ಎಮಿಲ್ ಕ್ರೇಪೆಲಿನ್ ಇದನ್ನು 'ಡಿಮೆನ್ಷಿಯಾ ಪ್ರೀಕಾಕ್ಸ್', ಅಂದರೆ ಎಳೆವಯಸ್ಸಿನಲ್ಲೇ ಬರುವ ಬುದ್ಧಿನಾಶ, ಎಂದು ಕರೆದಿದ್ದರು. ಬ್ಲಾಯ್ಲರ್ ಅದನ್ನು ಒಪ್ಪಲಿಲ್ಲ. ರೋಗಿಗಳ ಜೊತೆ ವರ್ಷಗಟ್ಟಲೆ ಒಡನಾಡಿದ ಅವರಿಗೆ, ಎಲ್ಲರ ಬುದ್ಧಿಯೂ ನಾಶವಾಗುವುದಿಲ್ಲ ಎಂದು ಗೊತ್ತಿತ್ತು. ಅವರ ಸ್ವಂತ ಸೋದರಿಗೂ ಮಾನಸಿಕ ಕಾಯಿಲೆ ಇತ್ತು, ಆಕೆ ಅವರ ಮನೆಯಲ್ಲೇ ಇದ್ದಳು. ಅವರು ಹೇಳಿದ 'ಸೀಳು' ಇಬ್ಬರು ವ್ಯಕ್ತಿಗಳ ನಡುವಿನದಲ್ಲ. ಒಬ್ಬರೊಳಗೇ ಯೋಚನೆ, ಭಾವನೆ, ಇಚ್ಛೆ ಇವು ಒಂದಕ್ಕೊಂದು ಹೆಣೆದುಕೊಳ್ಳದೆ ಸಡಿಲವಾಗುವುದು. ಕನ್ನಡದಲ್ಲಿ ಇದನ್ನು 'ಛಿದ್ರಮನಸ್ಕತೆ' ಎಂದೂ ಬರೆಯುತ್ತಾರೆ. ಆ ಪದ ಕೇಳಿದರೆ ಕೈಜಾರಿ ಬಿದ್ದ ಗಾಜಿನ ಲೋಟದ ಚಿತ್ರ ಕಣ್ಣಮುಂದೆ ಬರುತ್ತದೆ, ನನಗಂತೂ ಇಷ್ಟವಿಲ್ಲ.

ಹೆಸರಿನಲ್ಲೇ ಸೀಳು ಇದ್ದ ಮೇಲೆ ಅದು ಮಿದುಳಿನಲ್ಲಿ ಎಲ್ಲಿದೆ ಎಂದು ಹುಡುಕುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ? ಮಿದುಳಂತೂ ನೋಡುವುದಕ್ಕೇ ಎರಡು ಹೋಳು, ಅಕ್ರೋಟಿನ ಬೀಜದ ಹಾಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ. ಅಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ. ತಮ್ಮನ ಮಗಳ ಜೊತೆ ಹೋಗಿದ್ದಾಗ ನಾನು ಗ್ಲೌಸ್ ಹಾಕಿಕೊಂಡು ಮುಟ್ಟಿದ್ದೇನೆ. ನಟ್ಟನಡುವೆ ಕೊಯ್ದ ಮಿದುಳಿನಲ್ಲಿ ಬಿಲ್ಲಿನಂತೆ ಬಾಗಿದ ಬಿಳಿಯ ಪಟ್ಟಿಯೊಂದು ಕಾಣುತ್ತದೆ. ಅದೇ ಕಾರ್ಪಸ್ ಕಲೋಸಮ್, ಲ್ಯಾಟಿನ್ನಿನಲ್ಲಿ 'ಗಟ್ಟಿಯಾದ ವಸ್ತು'. ಉದ್ದ ಸುಮಾರು 10 ಸೆಂಟಿಮೀಟರ್. ಅದರಲ್ಲಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾಯುವ ನರತಂತುಗಳು ಸುಮಾರು 20 ಕೋಟಿ. ಇಷ್ಟು ದೊಡ್ಡ ಸೇತುವೆ ಯಾವ ಕೆಲಸಕ್ಕೆ ಎಂಬುದು ಇಪ್ಪತ್ತನೆಯ ಶತಮಾನದ ಅರ್ಧದವರೆಗೂ ಯಾರಿಗೂ ಗೊತ್ತಿರಲಿಲ್ಲ. ಎರಡು ಅರ್ಧಗಳು ಜೋತುಬೀಳದಂತೆ ಹಿಡಿದುಕೊಳ್ಳಲು ಇರಬೇಕು ಎಂದು ಕಾರ್ಲ್ ಲ್ಯಾಶ್ಲಿ ಎಂಬ ದೊಡ್ಡ ವಿಜ್ಞಾನಿಯೇ ತಮಾಷೆ ಮಾಡುತ್ತಿದ್ದರಂತೆ.

ಆದರೆ ಹುಚ್ಚಿಗೂ ಎರಡು ಹೋಳಿಗೂ ಗಂಟುಹಾಕುವ ಯೋಚನೆ ಬ್ಲಾಯ್ಲರ್‌ಗಿಂತಲೂ ಹಳೆಯದು. 1844ರಲ್ಲಿ ಆರ್ಥರ್ ಲ್ಯಾಡ್‌ಬ್ರೋಕ್ ವಿಗನ್ ಎಂಬ ಇಂಗ್ಲಿಷ್ ವೈದ್ಯ ಮನಸ್ಸಿನ ಇಬ್ಬಗೆತನದ ಬಗ್ಗೆ ಒಂದು ಇಡೀ ಪುಸ್ತಕ ಬರೆದ. ಮಿದುಳಿನ ಒಂದು ಅರ್ಧವೇ ಇಲ್ಲವಾಗಿದ್ದರೂ ಸರಿಯಾಗಿ ಮಾತಾಡಿಕೊಂಡಿದ್ದ ರೋಗಿಯ ಶವಪರೀಕ್ಷೆಯ ಪ್ರಸಂಗ ಅವನ ಮುಖ್ಯ ಆಧಾರ. ಒಂದು ಅರ್ಧವೇ ಒಂದು ಪೂರ್ತಿ ಮನಸ್ಸಿಗೆ ಸಾಕಾದರೆ, ಎರಡು ಅರ್ಧ ಇರುವ ನಮಗೆಲ್ಲ ಎರಡು ಮನಸ್ಸು ಇರಲೇಬೇಕಲ್ಲ? ಆರೋಗ್ಯವಂತರಲ್ಲಿ ಅವೆರಡೂ ಹೊಂದಿಕೊಂಡು ಹೋಗುತ್ತವೆ, ಒಂದು ಕೆಟ್ಟು ಇನ್ನೊಂದರ ಮಾತು ಕೇಳದಿದ್ದರೆ ಅದೇ ಹುಚ್ಚು ಎಂದು ಅವನ ವಾದ. ಪುಸ್ತಕವನ್ನು ಆಗ ಹೆಚ್ಚು ಜನ ಓದಲಿಲ್ಲ. 1886ರಲ್ಲಿ ಬಂದ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಕಥೆಯನ್ನು ಮಾತ್ರ ಎಲ್ಲರೂ ಓದಿದರು. ನಾಗವಲ್ಲಿಯ ವಂಶಾವಳಿ ಅಲ್ಲಿಂದ ಶುರು ಎನ್ನಬಹುದೇನೋ.

ನಿಜವಾದ ಪರೀಕ್ಷೆ ನಡೆದದ್ದು 1962ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಶೂಟ್ ಸೈನಿಕನಾಗಿದ್ದು ತಲೆಗೆ ಪೆಟ್ಟು ತಿಂದಿದ್ದ ಒಬ್ಬನಿಗೆ ತಡೆಯಲಾಗದ ಮೂರ್ಛೆರೋಗ. ಒಂದು ಬದಿಯಲ್ಲಿ ಹುಟ್ಟಿದ ಮೂರ್ಛೆ ಸೇತುವೆ ದಾಟಿ ಇನ್ನೊಂದು ಬದಿಗೆ ಹರಡದಿರಲಿ ಎಂದು ಜೋಸೆಫ್ ಬೋಗನ್ ಮತ್ತು ಫಿಲಿಪ್ ವೋಗೆಲ್ ಎಂಬ ಶಸ್ತ್ರವೈದ್ಯರು ಅವನ ಕಾರ್ಪಸ್ ಕಲೋಸಮ್ಮನ್ನು ಕತ್ತರಿಸಿದರು. ವಿಜ್ಞಾನದ ಪುಸ್ತಕಗಳಲ್ಲಿ ಅವನು ಡಬ್ಲ್ಯು.ಜೆ. ಎಂಬ ಎರಡಕ್ಷರದಲ್ಲೇ ಉಳಿದಿದ್ದಾನೆ. ಮೂರ್ಛೆ ಬಹಳ ಕಡಿಮೆಯಾಯಿತು. ಮಾತು, ನಡೆ, ಬುದ್ಧಿ ನೋಡಿದರೆ ಅದೇ ಮನುಷ್ಯ. ಆಮೇಲೆ ರೋಜರ್ ಸ್ಪೆರ್ರಿ ಮತ್ತು ಅವರ ವಿದ್ಯಾರ್ಥಿ ಮೈಕೆಲ್ ಗಜಾನಿಗ ಅವನನ್ನು ಪರೀಕ್ಷಿಸಿದರು.

ಈ ಪಾಠ ಮಾಡುವಾಗ ನನ್ನ ಕ್ಲಾಸಿನಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ನೇರ ನೋಡುತ್ತಿರುವಾಗ ಬಲಬದಿಯಲ್ಲಿ ಕಂಡದ್ದು ಎಡ ಮಿದುಳಿಗೂ ಎಡಬದಿಯಲ್ಲಿ ಕಂಡದ್ದು ಬಲ ಮಿದುಳಿಗೂ ಹೋಗುತ್ತದೆ. ಮಾತಿನ ಕೇಂದ್ರ ಹೆಚ್ಚಿನವರಲ್ಲಿ ಎಡ ಮಿದುಳಿನಲ್ಲಿದೆ. ಅದನ್ನು ಫ್ರಾನ್ಸಿನ ಪಾಲ್ ಬ್ರೋಕಾ 1860ರ ದಶಕದಲ್ಲೇ ತೋರಿಸಿದ್ದರು. ಸೇತುವೆ ಕಡಿದವನಿಗೆ ಬಲಬದಿಯಲ್ಲಿ ಒಂದು ಚಿತ್ರ ಮಿಂಚಿಸಿದರೆ ಥಟ್ಟನೆ ಹೆಸರು ಹೇಳುತ್ತಾನೆ. ಎಡಬದಿಯಲ್ಲಿ ಮಿಂಚಿಸಿದರೆ "ಏನೂ ಕಾಣಲಿಲ್ಲ" ಎನ್ನುತ್ತಾನೆ. ಆದರೆ ಪರದೆಯ ಹಿಂದೆ ಅವನ ಎಡಗೈ ತಡಕಾಡಿ ಸರಿಯಾಗಿ ಅದೇ ವಸ್ತುವನ್ನು ಎತ್ತಿಕೊಳ್ಳುತ್ತದೆ! ಬಣ್ಣದ ಕಟ್ಟಿಗೆ ತುಂಡುಗಳನ್ನು ಚಿತ್ರದಂತೆ ಜೋಡಿಸು ಎಂದರೆ ಎಡಗೈಗೆ ಸುಲಭ, ಬಲಗೈಗೆ ಕಷ್ಟ. ಬಲಗೈ ಒದ್ದಾಡುವುದನ್ನು ನೋಡಲಾರದೆ ಎಡಗೈ ನಡುವೆ ನುಗ್ಗಿ ಸರಿಮಾಡಲು ಹೋಗಿ, ಎರಡು ಕೈಗಳೂ ಕಿತ್ತಾಡಿಕೊಂಡವು. ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಇದ್ದ ಹಾಗೆ ಎಂದು ನಾನು ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ, ನಾನೇ ಅತ್ತೆಯಾಗಿದ್ದೇನೆ. ಈ ಕೆಲಸಕ್ಕೆ 1981ರಲ್ಲಿ ಸ್ಪೆರ್ರಿಗೆ ನೊಬೆಲ್ ಬಹುಮಾನದ ಅರ್ಧಪಾಲು ಬಂತು.

ಲೋಕಕ್ಕೆಲ್ಲ ಎಡ-ಬಲದ ಗುಂಗು ಹಿಡಿದದ್ದು ಆಮೇಲೆ. ಎಡ ಮಿದುಳಿನವರು ಲೆಕ್ಕಿಗರು, ಬಲ ಮಿದುಳಿನವರು ಕಲಾವಿದರು ಎಂಬ ಕಥೆ ಹಬ್ಬಿತು. ಕೆಲವು ವರ್ಷಗಳ ಹಿಂದೆ ನಮ್ಮ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆಂದು ಸಾವಿರಗಟ್ಟಲೆ ಫೀಸು ಕಿತ್ತ 'ಮಿಡ್‌ಬ್ರೇನ್' ಕ್ಲಾಸುಗಳು ಅದೇ ಗುಂಗಿನ ಮರಿಮಕ್ಕಳು. ನಮ್ಮ ಬಿಲ್ಡಿಂಗಿನಲ್ಲೇ ಮೂರು ಮನೆಯವರು ಹಣ ಕಟ್ಟಿದ್ದರು.

ಗಂಭೀರ ವಿಜ್ಞಾನಿಗಳೂ ಈ ಗುಂಗಿನಿಂದ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ. 1972ರಲ್ಲಿ ರೋಸೆಂಥಾಲ್ ಮತ್ತು ಬಿಗೆಲೋ ಎಂಬಿಬ್ಬರು ದೀರ್ಘಕಾಲ ಸ್ಕಿಜೋಫ್ರೀನಿಯಾ ಇದ್ದು ತೀರಿಕೊಂಡ ಹತ್ತು ಜನರ ಮಿದುಳುಗಳನ್ನು ಬೇರೆ ಹತ್ತು ಜನರ ಮಿದುಳುಗಳ ಜೊತೆ ಹೋಲಿಸಿ ಅಳತೆ ಮಾಡಿದರು. ರೋಗಿಗಳ ಕಾರ್ಪಸ್ ಕಲೋಸಮ್ ಹೆಚ್ಚು ದಪ್ಪ ಇತ್ತು. ಮರುವರ್ಷ ಬ್ಯೂಮಾಂಟ್ ಮತ್ತು ಡೈಮಂಡ್ ಈ ರೋಗಿಗಳಿಗೆ ಎಡ-ಬಲ ಬದಿಗಳಲ್ಲಿ ಬೇರೆಬೇರೆಯಾಗಿ ಆಕೃತಿಗಳನ್ನು ತೋರಿಸಿ, ಅವೆರಡನ್ನು ತಾಳೆ ನೋಡುವುದು ಇವರಿಗೆ ಕಷ್ಟವಾಗುತ್ತದೆ, ಅಂದರೆ ಎರಡು ಅರ್ಧಗಳ ನಡುವೆ ಸಂಪರ್ಕ ಕಡಿದಂತಿದೆ ಎಂದು ಬರೆದರು. 1976ರಲ್ಲಿ ಜೂಲಿಯನ್ ಜೇನ್ಸ್ ಎಂಬ ಮನಶ್ಶಾಸ್ತ್ರಜ್ಞ ಇನ್ನೂ ದೂರ ಹೋಗಿ, ಪ್ರಾಚೀನರಿಗೆ ಕೇಳುತ್ತಿದ್ದ ದೇವರ ದನಿಯೇ ಬಲ ಮಿದುಳು ಎಡಕ್ಕೆ ಹೇಳುತ್ತಿದ್ದ ಮಾತು, ಸ್ಕಿಜೋಫ್ರೀನಿಯಾದ ದನಿಗಳು ಅದರ ಪಳೆಯುಳಿಕೆ ಎಂದ. ಓದಲು ರೋಮಾಂಚನ, ಆದರೆ ಆಧಾರ ತೀರಾ ತೆಳು.

ನಾನು ಎಂ.ಎಸ್ಸಿ. ಓದುತ್ತಿದ್ದಾಗ, 1984ರ ಸುಮಾರಿಗೆ, ಇವನ್ನೆಲ್ಲ ಲೈಬ್ರರಿಯಲ್ಲಿ ಹುಡುಕಿ ಓದಿ ಹಿಗ್ಗಿಹೋಗಿದ್ದೆ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಅಡಿಕೆ ಸುಲಿಯುತ್ತಾ ಕೂತಿದ್ದಳು. ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡು ಹೇಳಿದೆ: "ಅಜ್ಜಿ, ನಿನ್ನ ತಪ್ಪೇನೂ ಇಲ್ಲ. ಚಿಕ್ಕಮ್ಮನ ಮಿದುಳಿನ ಎರಡು ಭಾಗಗಳ ನಡುವಿನ ಸಂಪರ್ಕ ಕಡಿದುಹೋಗಿದೆ, ಅಷ್ಟೇ."

ಅಜ್ಜಿ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು ಕೇಳಿದಳು, "ಯಾರು ಕಡಿದಿದ್ದು?"

ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಹೇಳಿದ್ದು ಸತ್ಯವೂ ಆಗಿರಲಿಲ್ಲ. ಒಂದು ಸರಳ ಸಂಗತಿಯನ್ನು ನಾನು ಯೋಚಿಸಿರಲೇ ಇಲ್ಲ. ಸೇತುವೆಯನ್ನೇ ಕತ್ತರಿಸಿಕೊಂಡ ಡಬ್ಲ್ಯು.ಜೆ. ಮತ್ತು ಅವನಂಥ ರೋಗಿಗಳಿಗೆ ಅದರಿಂದ ಸ್ಕಿಜೋಫ್ರೀನಿಯಾ ಬರಲಿಲ್ಲ. ರೇಡಿಯೋದೊಳಗೆ ದನಿಗಳು ಕೇಳಲಿಲ್ಲ. ಹುಟ್ಟುವಾಗಲೇ ಕಾರ್ಪಸ್ ಕಲೋಸಮ್ ಇಲ್ಲದವರೂ ಇದ್ದಾರೆ. ಸಾವಿರಾರು ಪುಸ್ತಕಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಅಮೆರಿಕದ ಕಿಮ್ ಪೀಕ್ ಅಂಥವನು. ಅವನಿಗೂ ಈ ಕಾಯಿಲೆ ಇರಲಿಲ್ಲ. ಸೇತುವೆ ಕಡಿಯುವುದೇ ಕಾರಣವಾಗಿದ್ದರೆ ಇವರೆಲ್ಲರಿಗೂ ಮೊದಲು ಬರಬೇಕಿತ್ತು.

ಅಜ್ಜಿಯ ತಲೆಗೆ ಕಟ್ಟಿದ ಅಪವಾದಕ್ಕೂ ಒಂದು ಇತಿಹಾಸವಿದೆ, ಅದನ್ನು ಮಹಿಳಾ ವೇದಿಕೆಯಲ್ಲಿ ಹೇಳದೆ ಬಿಡಲಾರೆ. 1948ರಲ್ಲಿ ಅಮೆರಿಕದಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವೈದ್ಯೆ 'ಸ್ಕಿಜೋಫ್ರೀನಿಯಾ ಹುಟ್ಟಿಸುವ ತಾಯಿ' ಎಂಬ ಅರ್ಥದ ಪದವನ್ನು ಬಳಕೆಗೆ ತಂದಳು. ಅವಳು ಸ್ವತಃ ರೋಗಿಗಳ ವಿಷಯದಲ್ಲಿ ಬಹಳ ಕರುಣಾಳು, ಇವರನ್ನು ಮಾತಿನಿಂದ ತಲುಪಬಹುದು ಎಂದು ನಂಬಿದವಳು. ಆದರೂ ಆ ಪದ ಕೈಮೀರಿ ಹೋಯಿತು. ತಾಯಿ ಬಿಗಿಯಾಗಿದ್ದರೂ ತಪ್ಪು, ಅತಿ ಮುದ್ದು ಮಾಡಿದರೂ ತಪ್ಪು. ಇಪ್ಪತ್ತು ಮೂವತ್ತು ವರ್ಷ ಲೆಕ್ಕವಿಲ್ಲದಷ್ಟು ತಾಯಂದಿರು ಡಾಕ್ಟರ ಎದುರು ಕಟಕಟೆಯಲ್ಲಿ ನಿಂತ ಹಾಗೆ ನಿಂತರು. ಆ ಮಾತು ನಮ್ಮ ಪೇಟೆಯ ಡಾಕ್ಟರ ಬಾಯಿಗೆ ಬರುವ ಹೊತ್ತಿಗೆ ಅದರ ಬುಡ ಆಗಲೇ ಅಲ್ಲಾಡತೊಡಗಿತ್ತು. 1976ರಲ್ಲಿ ಲಂಡನ್ ಬಳಿಯ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮತ್ತು ಸಂಗಡಿಗರು ಹೊಸದಾಗಿ ಬಂದಿದ್ದ ಸಿ.ಟಿ. ಸ್ಕ್ಯಾನ್‌ನಲ್ಲಿ ಈ ರೋಗಿಗಳ ಮಿದುಳಿನೊಳಗಿನ ನೀರಿನ ಕೋಣೆಗಳು ದೊಡ್ಡದಾಗಿರುವುದನ್ನು ತೋರಿಸಿದ್ದರು. ಮಿದುಳಿನಲ್ಲೇ ಏನೋ ಬದಲಾಗಿದೆ ಎಂಬುದು ಜೀವಂತ ರೋಗಿಗಳಲ್ಲಿ ಕಣ್ಣಿಗೆ ಕಂಡಿತ್ತು.

ನಮ್ಮ ದೇಶದಲ್ಲಿ ತಾಯಂದಿರನ್ನು ಬೇರೆ ರೀತಿ ಕಂಡವರೂ ಇದ್ದರು. ಮಂಗಳೂರಿನಲ್ಲಿ 1923ರಲ್ಲಿ ಹುಟ್ಟಿದ ಡಾ. ಎಂ. ಶಾರದಾ ಮೆನನ್, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ ಇಂದಿನ ನಿಮ್ಹಾನ್ಸ್‌ನಲ್ಲಿ, ತರಬೇತಿ ಪಡೆದು ಭಾರತದ ಮೊದಲ ಮಹಿಳಾ ಮನೋವೈದ್ಯೆ ಎನಿಸಿದರು. 1961ರಿಂದ 1978ರವರೆಗೆ ಚೆನ್ನೈನ ಕಿಲ್ಪಾಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆ. 1984ರಲ್ಲಿ ಸ್ಕಿಜೋಫ್ರೀನಿಯಾ ರೋಗಿಗಳಿಗಾಗಿಯೇ ಸ್ಕಾರ್ಫ್ ಸಂಸ್ಥೆ ಕಟ್ಟಿದರು. ಮನೆಯವರನ್ನು ಚಿಕಿತ್ಸೆಯಲ್ಲಿ ಜೊತೆಗಾರರನ್ನಾಗಿ ಮಾಡಿಕೊಂಡರು. 2021ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಎದುರು ನಮ್ಮ ಅಜ್ಜಿ ಕೂತಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮತ್ತೆ ಸೇತುವೆಗೆ ಬರೋಣ. ಎಂ.ಆರ್.ಐ. ಬಂದ ಮೇಲೆ ಅಳತೆ ಸುಲಭವಾಯಿತು, ಫಲಿತಾಂಶ ಮಾತ್ರ ಉಲ್ಟಾ ಹೊಡೆಯಿತು. 1995ರಲ್ಲಿ 11 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ರೋಗಿಗಳ ಕಾರ್ಪಸ್ ಕಲೋಸಮ್ ದಪ್ಪವಲ್ಲ, ಸ್ವಲ್ಪ ಚಿಕ್ಕದು ಎಂದು ಕಂಡಿತು. 2008ರಲ್ಲಿ ಇನ್ನೂ ಹೆಚ್ಚು ಅಧ್ಯಯನಗಳನ್ನು ಸೇರಿಸಿದಾಗಲೂ ಅದೇ. ಔಷಧಿಯಿಂದಲೇ ಹಾಗಾಗುತ್ತದೆಯೇ ಎಂಬ ಸಂಶಯಕ್ಕೆ ಉತ್ತರ ಹುಡುಕಲು, ಇನ್ನೂ ಒಂದೂ ಮಾತ್ರೆ ತೆಗೆದುಕೊಳ್ಳದ ಹೊಸ ರೋಗಿಗಳ ಸೇತುವೆಯನ್ನು ನಿಮ್ಹಾನ್ಸ್‌ನ ವೈದ್ಯರೂ ಅಳೆದಿದ್ದಾರೆ. ಆಮೇಲೆ ಗಾತ್ರ ಬಿಟ್ಟು ನೇಯ್ಗೆ ನೋಡುವ ವಿಧಾನ ಬಂತು. ನರತಂತುಗಳ ಉದ್ದಕ್ಕೂ ನೀರಿನ ಕಣಗಳು ಹೇಗೆ ಸರಿಯುತ್ತವೆ ಎಂಬುದನ್ನು ಅದು ಅಳೆಯುತ್ತದೆ. ಎಣ್ಣೆ ಹಚ್ಚಿ ಬಾಚಿದ ಕೂದಲಿನಲ್ಲಿ ಬಾಚಣಿಗೆ ಒಂದೇ ದಿಕ್ಕಿಗೆ ಸಲೀಸಾಗಿ ಇಳಿಯುತ್ತದೆ, ಕೆದರಿದ ಕೂದಲಿನಲ್ಲಿ ಅತ್ತಿತ್ತ ಸಿಕ್ಕಿಕೊಳ್ಳುತ್ತದೆ, ಹೆಚ್ಚುಕಡಿಮೆ ಹಾಗೆ. 2018ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ 1,963 ರೋಗಿಗಳು ಮತ್ತು 2,359 ಆರೋಗ್ಯವಂತರ ಸ್ಕ್ಯಾನ್‌ಗಳನ್ನು ಹೀಗೆ ಹೋಲಿಸಿತು. ನೇಯ್ಗೆ ಸಡಿಲವಾಗಿದ್ದದ್ದು ಕಾರ್ಪಸ್ ಕಲೋಸಮ್ಮಿನಲ್ಲಿ ಮಾತ್ರವಲ್ಲ, ಮಿದುಳಿನ ಬಿಳಿಭಾಗದ ತುಂಬ. ಸೇತುವೆಯ ಮುಂಭಾಗದಲ್ಲಿ ಮತ್ತು ನಡುವಿನಲ್ಲಿ ಅದು ಹೆಚ್ಚಾಗಿ ಕಂಡಿತು, ಅಷ್ಟೇ. ಎಲ್ಲಿಯೂ ಕಡಿದಿಲ್ಲ.

ಕಿವಿಯ ಪರೀಕ್ಷೆಯೊಂದನ್ನು ಹೇಳಲೇಬೇಕು. ಎರಡು ಕಿವಿಗಳಿಗೆ ಒಂದೇ ಕ್ಷಣದಲ್ಲಿ ಬೇರೆಬೇರೆ ಅಕ್ಷರ, ಒಂದಕ್ಕೆ 'ಬ', ಇನ್ನೊಂದಕ್ಕೆ 'ಗ', ಕೇಳಿಸಿದರೆ ಹೆಚ್ಚಿನವರು ಬಲಗಿವಿಯದನ್ನೇ ಹೇಳುತ್ತಾರೆ. ಬಲಗಿವಿಯ ದಾರಿ ನೇರ ಎಡ ಮಿದುಳಿನ ಮಾತಿನ ಕೇಂದ್ರಕ್ಕೆ. ಎಡಗಿವಿಯದು ಬಲಕ್ಕೆ ಹೋಗಿ ಸೇತುವೆ ದಾಟಿ ಬರಬೇಕು. ದನಿಗಳು ಕೇಳುವ ರೋಗಿಗಳಲ್ಲಿ ಬಲಗಿವಿಯ ಈ ಮೇಲುಗೈ ತಗ್ಗುತ್ತದೆ ಎಂದು ನಾರ್ವೆಯ ಕೆನೆತ್ ಹಗ್‌ಡಾಲ್ ತಂಡ ತೋರಿಸಿದೆ. ಅವರ ಎಡ ಮಿದುಳಿನ ಆ ಜಾಗ ಒಳಗಿನ ದನಿಗಳಲ್ಲೇ ಮುಳುಗಿರುತ್ತದೆ, ಹೊರಗಿನ ಮಾತಿಗೆ ಬಿಡುವಿಲ್ಲ ಎಂಬುದು ಅವರ ವಿವರಣೆ. ಚಿಕ್ಕಮ್ಮ ಆ ದಿನಗಳಲ್ಲಿ ಕರೆದರೂ ಕೇಳದವಳಂತೆ ಕೂತಿರುತ್ತಿದ್ದಳು. "ಕೊಬ್ಬು" ಎಂದು ಮಾವ ಬೈಯುತ್ತಿದ್ದ.

2019ರಲ್ಲಿ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ತಲೆಗೆ ಪೆಟ್ಟಾಗಿದೆಯೇನೋ ಎಂದು ಎಂ.ಆರ್.ಐ. ಮಾಡಿಸಿದೆವು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತೇ ರಿಪೋರ್ಟ್ ಓದಿದೆ. ಪೆಟ್ಟೇನೂ ಇರಲಿಲ್ಲ. ನಾಲ್ಕನೆಯ ಸಾಲಿನಲ್ಲಿತ್ತು: ಕಾರ್ಪಸ್ ಕಲೋಸಮ್ ನಾರ್ಮಲ್. ನಲವತ್ತು ವರ್ಷ ಕಾಯಿಲೆ ಇದ್ದವಳ ಸೇತುವೆ ನಾರ್ಮಲ್! ಇದರಲ್ಲಿ ವಿರೋಧವೇನಿಲ್ಲ. ಗಂಡಸರು ಸರಾಸರಿ ಹೆಂಗಸರಿಗಿಂತ ಎತ್ತರ. ಆದರೆ 165 ಸೆಂಟಿಮೀಟರ್ ಎಂದಷ್ಟೇ ಹೇಳಿದರೆ ಅದು ಗಂಡೋ ಹೆಣ್ಣೋ ಹೇಳಲಾಗುವುದಿಲ್ಲ. ಸಾವಿರಾರು ಜನರ ಸರಾಸರಿಯಲ್ಲಿ ಕಾಣುವ ಸಣ್ಣ ವ್ಯತ್ಯಾಸ ಒಬ್ಬಳ ಸ್ಕ್ಯಾನ್‌ನಲ್ಲಿ ಕಾಣಬೇಕೆಂದಿಲ್ಲ. ಇವತ್ತಿಗೂ ಈ ಕಾಯಿಲೆಯನ್ನು ಡಾಕ್ಟರು ಗುರುತಿಸುವುದು ಮಾತನಾಡಿಸಿ, ಮನೆಯವರನ್ನು ಕೇಳಿ. ಸ್ಕ್ಯಾನ್ ಮಾಡಿಸುವುದು ಗಡ್ಡೆಯಂಥ ಬೇರೆ ತೊಂದರೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು. ಮಗನ ಮದುವೆ ಮಾತುಕತೆಗೆ ಮುಂಚೆ "ಸ್ಕ್ಯಾನ್ ಮಾಡಿಸಿದ್ರೆ ಗೊತ್ತಾಗುತ್ತಾ?" ಎಂದು ನನ್ನನ್ನು ಗುಟ್ಟಾಗಿ ಕೇಳಿದವರಿಗೂ ಇದನ್ನೇ ಹೇಳಿದ್ದೇನೆ.

ಹೆಸರಿನ ವಿಷಯ ಬಾಕಿ ಇತ್ತು. ಜಪಾನಿನಲ್ಲಿಯೂ ಈ ಕಾಯಿಲೆಗೆ 'ಮನಸ್ಸು ಸೀಳಿದ ರೋಗ' ಎಂದೇ ಹೆಸರಿತ್ತು. ರೋಗಿಗಳ ಮನೆಯವರ ಸಂಘಟನೆ 1993ರಲ್ಲಿ ಮನೋವೈದ್ಯರ ಸಂಘಕ್ಕೆ ಅರ್ಜಿ ಕೊಟ್ಟು ಹೆಸರು ಬದಲಿಸಿ ಎಂದು ಕೇಳಿತು. 2002ರಲ್ಲಿ ಬದಲಾಯಿತು. ಈಗಿನ ಹೆಸರಿಗೆ 'ಹೊಂದಾಣಿಕೆ ತಪ್ಪುವ ಕಾಯಿಲೆ' ಎಂಬ ಅರ್ಥ. ಅದುವರೆಗೆ ರೋಗಿಗೆ ಕಾಯಿಲೆಯ ಹೆಸರನ್ನೇ ಹೇಳದೆ ಮುಚ್ಚಿಡುತ್ತಿದ್ದ ಎಷ್ಟೋ ವೈದ್ಯರು ಆಮೇಲೆ ಹೇಳತೊಡಗಿದರಂತೆ. ದಕ್ಷಿಣ ಕೊರಿಯಾದವರೂ ಬದಲಿಸಿದರು. ಅವರ ಪದದಲ್ಲಿರುವುದು ತಂತಿವಾದ್ಯದ ಶ್ರುತಿ ಸೇರಿಸುವ ಮಾತು.

ಈ ಲೇಖನ ಕಳಿಸುವ ಮುಂಚೆ ಚಿಕ್ಕಮ್ಮನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಅವಳ ಒಪ್ಪಿಗೆ ಇಲ್ಲದೆ ಕಳಿಸುವುದು ಸರಿಯಲ್ಲ. "ನನ್ನ ಹೆಸರು ಹಾಕ್ಬೇಡ, ಅಮ್ಮ ಕೇಳಿದ್ದು ಮಾತ್ರ ಇರ್ಲಿ" ಎಂದಳು. ಕೊರಿಯಾದ ಹೆಸರಿನ ಅರ್ಥ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳು ಊರಿನ ಭಜನಾ ಮಂಡಳಿಯಲ್ಲಿ ಇಪ್ಪತ್ತು ವರ್ಷದಿಂದ ತಂಬೂರಿ ಹಿಡಿಯುತ್ತಾಳೆ. "ಮಳೆಗಾಲದಲ್ಲಿ ಶ್ರುತಿ ನಿಲ್ಲೋದೇ ಇಲ್ಲ ಮಾರಾಯ್ತಿ, ಪ್ರತಿ ಹಾಡಿಗೂ ತಿರುಪಬೇಕು" ಎಂದಳು. ಆಮೇಲೆ, ಒಂಬತ್ತಾಯ್ತು, ಮಾತ್ರೆ ತಗೋಬೇಕು ಎಂದು ಫೋನ್ ಇಟ್ಟಳು.